ಬೆಳ್ಳಿಯ ಉಸಿರಿನ ಲೆಕ್ಕ

ಫೆಬ್ರವರಿ 17, ಸೋಮವಾರ

ನಾಡಿ: 84. ನಡಿಗೆ: ಜಗಲಿಯಿಂದ ನೀರಿನ ತೊಟ್ಟಿಗೆ, ಹೋಗಿ ಬಂದು ನಲವತ್ತು ಹೆಜ್ಜೆ. ಎದೆ: ಎಡಗಡೆ ಚಳುಕು, ಎರಡು ಸಲ.

ಈ ನೋಟ್‌ಬುಕ್ ಕೊಟ್ಟವಳು ರಾಮನಗರದ ಆಸ್ಪತ್ರೆಯ ನರ್ಸ್ ಚೈತ್ರಾ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ದಿನವೂ ನಾಡಿ, ನಡಿಗೆ, ನೋವು ಮೂರನ್ನೂ ಬರೆದಿಟ್ಟು, ಮೂರು ತಿಂಗಳಾದ ಮೇಲೆ ತಂದು ತೋರಿಸಬೇಕಂತೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಶಿಫ್ಟ್ ರಿಜಿಸ್ಟರ್ ಬರೆದ ಕೈ ನನ್ನದು. ಒಂದು ಸಾಲು ಬರೆದು ಪುಟವೆಲ್ಲ ಖಾಲಿ ಬಿಡುವುದು ನನ್ನಿಂದ ಆಗದ ಕೆಲಸ. ಮೇಲಿನ ಸಾಲು ಆಸ್ಪತ್ರೆಗೆ, ಕೆಳಗಿನದೆಲ್ಲ ನನಗೆ.

ಭಯವಾಗುತ್ತದೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ? ಐವತ್ತಾರು ವರ್ಷ ಎದೆಯೊಳಗೆ ಒಂದು ಯಂತ್ರ ಓಡುತ್ತಿದೆ ಎಂಬ ನೆನಪೇ ಇರಲಿಲ್ಲ, ಈಗ ಅದು ನಿಂತುಬಿಟ್ಟರೆ ಎಂಬ ಯೋಚನೆ ಬಿಟ್ಟು ಬೇರೆ ಬರುವುದಿಲ್ಲ. ಕೂತರೂ ಮಣಿಕಟ್ಟು ಹಿಡಿದುಕೊಳ್ಳುತ್ತೇನೆ, ನಿಂತರೂ ಹಿಡಿದುಕೊಳ್ಳುತ್ತೇನೆ. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೊರಟ ವನಜಾಕ್ಷಿ ನನ್ನನ್ನು ನೋಡಿ, "ನೀವು ಕೈ ಹಿಡ್ಕಂಡಿದ್ರೆ ಓಡ್ತದೆ, ಬುಟ್ರೆ ನಿಂತೋಯ್ತದೆ ಅಂತ ಯಾರು ಯೋಳುದ್ರು? ಒಸಿ ಸುಮ್ಕೆ ಕೂತ್ಕಳಿ" ಅಂದಳು. ಹೆಂಡತಿಯಾದವಳು ಆಡುವ ಮಾತೇ ಇದು? ಮಧ್ಯಾಹ್ನ ಅನ್ನ ಬೇಡ ಅಂದೆ. ಯಾರೂ ಬಲವಂತ ಮಾಡಲಿಲ್ಲ. ಆಮೇಲೆ ನಾನೇ ಹೋಗಿ ಉಂಡೆ.

ಫೆಬ್ರವರಿ 22, ಶನಿವಾರ

ನಾಡಿ: 88. ನಡಿಗೆ: ಹುಣಸೆಮರದವರೆಗೆ. ಎದೆ: ಚಳುಕು ಒಂದು. ಅದು ಗ್ಯಾಸ್ ಇರಬಹುದು, ಇಲ್ಲದೆಯೂ ಇರಬಹುದು.

ನಡೆಯುವಾಗ ನಾಯಿಯನ್ನೂ ಕರೆದುಕೊಂಡು ಹೋಗಬೇಕೆಂದು ಅಮ್ಮನ ಅಪ್ಪಣೆಯಾಗಿದೆ. "ದಾರೀಲಿ ನೀನು ಬಿದ್ಗಿದ್ರೆ ಬೊಗುಳಿ ಕರ್ಯಕ್ಕಾದ್ರೂ ಒಂದು ಜೀವ ಇರ್ಲಿ" ಎಂದಳು. ಅಮ್ಮ ತಿಮ್ಮಮ್ಮನಿಗೆ ಎಪ್ಪತ್ತೆಂಟು. ಮಗನಿಗೆ ಧೈರ್ಯ ತುಂಬುವ ಕಲೆ ಅವಳಿಗೆ ಮೊದಲಿಂದಲೂ ಬಂದಿಲ್ಲ.

ನಾಯಿಯ ಹೆಸರು ಬೆಳ್ಳಿ. ಮೈಯೆಲ್ಲ ಕಪ್ಪು, ನಾಲ್ಕು ಪಾದ ಮಾತ್ರ ಬಿಳಿ. ಏಳು ವರ್ಷದ್ದು. ಅಮ್ಮ ಒಂದು ಸಿಳ್ಳೆ ಹಾಕಿದರೆ ನಮ್ಮ ನಲವತ್ಮೂರು ಕುರಿಯನ್ನೂ ಸುತ್ತುಹಾಕಿ ತಂದು ನಿಲ್ಲಿಸುತ್ತದೆ ಎಂದು ಊರಲ್ಲಿ ಹೆಸರಿದೆ. ಹಾರೋಹಳ್ಳಿಯಲ್ಲಿ ರೂಮು ಮಾಡಿಕೊಂಡು ಭಾನುವಾರ ಮಾತ್ರ ನಮ್ಮೂರು ತಿಪ್ಪಸಂದ್ರದ ಬಸ್ಸು ಹತ್ತುತ್ತಿದ್ದ ನನಗೆ ಅದರ ಪರಿಚಯ ಅಷ್ಟಕ್ಕಷ್ಟೆ.

ಹೆಸರು ದೊಡ್ಡದು, ಕೆಲಸ ಚಿಕ್ಕದು. ಹುಣಸೆಮರಕ್ಕೆ ಹೋಗಿ ಬರುವಷ್ಟರಲ್ಲಿ ಮೂರು ಸಲ ಕೂತಿತು. ಸ್ಟೆಂಟ್ ಹಾಕಿಸಿಕೊಂಡವನು ನಾನೋ ಅದೋ? ಜೊತೆಗೆ ಒಂದು ಕೆಮ್ಮು ಬೇರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಕುರಿಯ ಉಣ್ಣೆ ಸಿಕ್ಕಿರಬೇಕು ಎಂದು ಅಮ್ಮ ಬೆಲ್ಲ, ಮೆಣಸು, ಓಮ ಕುದಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದಳು. ಕುರಿಗೆ ಕೆಮ್ಮು ಬಂದರೂ ಅದೇ, ನನಗೆ ಬಂದರೂ ಅದೇ.

ಮಾರ್ಚ್ 3, ಸೋಮವಾರ

ನಾಡಿ: 82. ನಡಿಗೆ: ಒಂದು ಕಿಲೋಮೀಟರು, ನಡುವೆ ಮೂರು ಸಲ ಕೂತು. ಎದೆ: ಚಳುಕಿಲ್ಲ, ಆದರೆ ಬರಬಹುದೆಂಬ ಅನುಮಾನವಿತ್ತು.

ಸೋಮಾರಿತನದ ಗುಟ್ಟು ರಟ್ಟಾಯಿತು. ನಾಯಿ ಬಸುರಿ! ಎರಡು ವಾರದಿಂದ ಹೊಟ್ಟೆ ದುಂಡಗಾಗುತ್ತಿದೆ ಎಂದು ವನಜಾಕ್ಷಿ ಹೇಳುತ್ತಿದ್ದಳು. ಇವತ್ತು ಅಮ್ಮ ಅದನ್ನು ತೊಡೆಯ ಮೇಲೆ ಒರಗಿಸಿಕೊಂಡು ಹೊಟ್ಟೆಯ ಕೆಳಗೆ ಅಂಗೈ ಆಡಿಸಿದಳು. "ಬಸ್ರಿ ಕಣಪ್ಪ. ಸಂಕ್ರಾಂತಿ ಟೇಮ್ನಲ್ಲಿ ಕೂಡಿರಬೇಕು. ಐದಾರ್ ಮರಿ ಅವೆ. ಸಾವಿರ ಕುರಿ ವಟ್ಟೆ ಮುಟ್ಟಿರೋ ಕೈ ಇದು, ಸುಳ್ಳೇಳಕಿಲ್ಲ" ಎಂದಳು.

ಒಳ್ಳೆಯ ಮಂದೆನಾಯಿ ಬಸುರಾದರೆ ನಮ್ಮ ಕಡೆ ಒಂದು ಪದ್ಧತಿ. ಮರಿ ಬೇಕಾದವರು ಹುಟ್ಟುವ ಮೊದಲೇ ತಾಯಿನಾಯಿಗೆ ಹಾಲು ತಂದು ಕುಡಿಸಬೇಕು. ಮೊದಲು ಹಾಲು ತಂದವನಿಗೆ ಮೊದಲ ಆಯ್ಕೆ. ಸುದ್ದಿ ಹೊರಬಿದ್ದ ಗಂಟೆಯೊಳಗೆ ಪಕ್ಕದ ಹೊಲದ ಕೆಂಚಯ್ಯ ಚೊಂಬು ಹಿಡಿದು ಬಂದ. ನನ್ನ ಜೊತೆ ಗೋಲಿ ಆಡಿ ಬೆಳೆದವನು, ಈಗ ಅರವತ್ತು ಕುರಿಯ ಯಜಮಾನ. "ಬರ್ಕಳ್ಲಾ ಬೈರೇಶ, ನಿನ್ ಪುಸ್ತಕದಲ್ಲಿ. ಫಸ್ಟು ಕೆಂಚಯ್ಯ" ಎಂದ. ಬರೆದೆ. ಸಂಜೆಯೊಳಗೆ ಐದು ಹೆಸರಾಯಿತು. ಎಷ್ಟೋ ದಿನವಾದ ಮೇಲೆ ಒಂದು ಪಟ್ಟಿ ಬರೆದು ಖುಷಿಯಾಯಿತು.

ಮಾರ್ಚ್ 13, ಗುರುವಾರ

ನಾಡಿ: 86. ನಡಿಗೆ: ಎರಡು ಕಿಲೋಮೀಟರು. ಎದೆ: ಚಳುಕು ಒಂದು, ಸಿಟ್ಟಿನಿಂದ.

ಬಸುರಿಯರು ನಡೆದಷ್ಟೂ ಹೆರಿಗೆ ಸಲೀಸು ಎನ್ನುವುದು ಅಮ್ಮನ ಸಿದ್ಧಾಂತ. ಹಾಗಾಗಿ ನಾಯಿಯ ನಡಿಗೆಯೂ ನನ್ನ ತಲೆಗೇ ಬಿತ್ತು. ಬೆಳಗಿನ ಚಳಿಗಾಳಿ ಎದೆಗೆ ಆಗದೆಂದು ನಾನು ಹೊರಡುವುದು ತಿಂಡಿಯಾದ ಮೇಲೆ, ಹತ್ತೂವರೆಗೆ. ಇವತ್ತು ಸಾವನದುರ್ಗದ ತಲೆ ಕಾಣುವ ತಿರುವಿನವರೆಗೆ ಹೋಗಲೇಬೇಕೆಂದು ಕುತ್ತಿಗೆಗೆ ಹಗ್ಗ ಹಾಕಿ ಹೊರಟೆ. ನಾಯಿಗೂ ಹೊಟ್ಟೆ ತುಂಬ ಹಾಲು ಮುದ್ದೆ ಹಾಕಿಸಿದ್ದೆ.

ಅರ್ಧ ದಾರಿಯಲ್ಲಿ ಮುಷ್ಕರ ಹೂಡಿತು. ಟಾರು ರಸ್ತೆಯ ಮೇಲೇ ಮಲಗಿಬಿಟ್ಟಿತು. ಎಳೆದೆ, ಬೈದೆ. ಹತ್ತು ಹೆಜ್ಜೆ ಬಂದು ಮತ್ತೆ ಮಲಗಿತು. ತೇಕು ನಿಲ್ಲಲೇ ಇಲ್ಲ, ನಾಲಿಗೆ ನೀಲಿಗೆ ತಿರುಗಿತ್ತು. ಕರಿನಾಯಿಗಳ ನಾಲಿಗೆ ಹಾಗೇ ಇರುತ್ತದೇನೋ. ಕೊನೆಗೆ ನೆರಳಲ್ಲಿ ಅರ್ಧ ಗಂಟೆ ಅದರ ಪಕ್ಕ ಕೂತು ಬಂದೆ. ಬಸುರಿಯ ಬಿಗುಮಾನ ಇಷ್ಟಾದರೆ ಬಾಣಂತಿಯದು ಎಷ್ಟಿರಬಹುದು!

ಮಾರ್ಚ್ 28, ಶುಕ್ರವಾರ

ನಾಡಿ: 84. ನಡಿಗೆ: ಒಂದೂವರೆ. ಎದೆ: ಬೆಳಿಗ್ಗೆ ಚಳುಕು.

ಇನ್ನೂ ಮರಿ ಹಾಕಿಲ್ಲ. ಕೆಂಚಯ್ಯ ದಿನಕ್ಕೆರಡು ಸಲ ಬಂದು ಬಗ್ಗಿ ನೋಡಿ ಹೋಗುತ್ತಾನೆ. ನಾಯಿ ಸರಿಯಾಗಿ ಮಲಗುವುದಿಲ್ಲ. ಮುಂಗಾಲು ಅಗಲಿಸಿ ಕೂತೇ ತೂಕಡಿಸುತ್ತದೆ.

ಮಾರ್ಚ್ 31, ಸೋಮವಾರ. ಹೊಸತೊಡಕು

ಯುಗಾದಿಯ ಮರುದಿನ, ಮನೆ ಮನೆಯಲ್ಲೂ ಮಾಂಸದ ಸಾರಿನ ಘಮ. ನನಗೆ ಸೊಪ್ಪಿನ ಸಾರು ಬಡಿಸಿದ ವನಜಾಕ್ಷಿ, ಬೆಳ್ಳಿಗೆ ಮೂಳೆ ಮಾಂಸ ಕಲಸಿದ ಮುದ್ದೆ ಇಟ್ಟಳು. ಮೂಸಿ ನೋಡಿ ಮುಖ ತಿರುಗಿಸಿತು. ಹೊಸತೊಡಕಿನ ದಿನ ಮಾಂಸ ಮುಟ್ಟದ ನಾಯಿಯನ್ನು ಈ ಊರು ನೋಡಿಲ್ಲ. ಅಮ್ಮನೂ ಎಲೆ ಬಿಟ್ಟು ಎದ್ದಳು. "ಸಂಕ್ರಾಂತಿಯಿಂದ ಎಣ್ಸುದ್ರೆ ಯಾವಾಗ್ಲೋ ಆಗ್ಬೇಕಿತ್ತಲ್ಲಪ್ಪ" ಎಂದು ತನಗೆ ತಾನೇ ಹೇಳಿಕೊಂಡಳು.

ಆಗಲೇ ಒಂದು ಟಗರುಮರಿ, ಕುರಿ ಕೂಡುವ ರೊಪ್ಪದ ತಡಿಕೆ ಹಾರಿ ಕೆಂಚಯ್ಯನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಬೆಳ್ಳಿ ಎದ್ದು ಓಡಿತು. ಹಳೆಯ ಬೆಳ್ಳಿಯೇ, ಬಾಣದ ಹಾಗೆ. ತೋಟದ ಬದುವಿನ ಹತ್ತಿರ ಹೋಗಿ ಒಂದೇ ಸಲಕ್ಕೆ ಅಡ್ಡ ಬಿತ್ತು. ಕಾಲು ನಾಲ್ಕೂ ಸೆಟೆದುಕೊಂಡವು.

ನಾನು ಹೋಗಿ ನೋಡುವಷ್ಟರಲ್ಲಿ ಕಣ್ಣು ತೆರೆದಿತ್ತು, ಮೈಮೇಲೆ ಎಚ್ಚರವಿರಲಿಲ್ಲ. ವಸಡು ನೀಲಿ. ಕೆಂಚಯ್ಯ ಹಿಂದಿನಿಂದ "ಲೇ, ಓಡಬ್ಯಾಡ ಕಣ್ಲಾ, ನಿಲ್ಲೋ" ಎಂದು ಕೂಗುತ್ತಿದ್ದ. ನಾಯಿ ಆಗಲೇ ಬಿದ್ದಿದೆ, ಇನ್ನೆಲ್ಲಿ ಓಡುತ್ತದೆ? ಎತ್ತಿಕೊಂಡು ಮನೆಗೆ ತಂದೆ. ಒಂದು ನಿಮಿಷಕ್ಕೆ ತಾನಾಗಿ ತಲೆ ಎತ್ತಿ ನನ್ನ ಕೈ ನೆಕ್ಕಿತು. ನಾನು ರಸ್ತೆಯ ಮೇಲೆ ಎಳೆದಾಡಿದ ನಾಯಿ.

ನಾಳೆ ಬೆಳಿಗ್ಗೆ ಮೊದಲ ಗಾಡಿಗೆ ಮಾಗಡಿ.

ಏಪ್ರಿಲ್ 1, ಮಂಗಳವಾರ

ಮಾಗಡಿಯ ಪಶುವೈದ್ಯೆ ಡಾಕ್ಟರ್ ಶರ್ಫುನ್ನೀಸಾ. ವಯಸ್ಸು ಚಿಕ್ಕದು, ಮಾತು ಕಡಿಮೆ. ಬೆಳ್ಳಿಯ ಹೊಟ್ಟೆಯ ಒಂದು ಬದಿಗೆ ಅಂಗೈ ಇಟ್ಟು, ಇನ್ನೊಂದು ಬದಿಗೆ ಬೆರಳಲ್ಲಿ ತಟ್ಟಿದರು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಒಳಗೆ ಏನೋ ತುಳುಕಿ ಬಂದು ಕೈಗೆ ಬಡಿಯಿತು.

"ಮರಿ ಅಲ್ಲ ಇವ್ರೇ, ನೀರು" ಎಂದರು. "ಹೃದಯ ಸರಿಯಾಗಿ ಪಂಪ್ ಮಾಡ್ತಿಲ್ಲ. ರಕ್ತ ಹಿಂದಕ್ಕೆ ನಿಂತು ನೀರು ಹೊಟ್ಟೆಗೆ ಇಳಿದಿದೆ."

ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಹಾಕಿದರು. ಎರಡು ತಿಂಗಳಿಂದ ನನ್ನ ಎದೆಯನ್ನೇ ಕೇಳಿಕೊಂಡು ಕೂತವನು ನಾನು. ಲಬ್ ಡಬ್ ಇರಬೇಕಾದ ಕಡೆ ಸುಯ್, ಸುಯ್ ಎನ್ನುತ್ತಿತ್ತು. ಸವೆದ ಬೇರಿಂಗ್ ಹೀಗೆಯೇ ಕೂಗುವುದು. ಕಾರ್ಖಾನೆಯಲ್ಲಾಗಿದ್ದರೆ ಮೂವತ್ತು ಅಡಿ ದೂರದಿಂದ ಗುರುತು ಹಿಡಿದು ಮೆಶಿನ್ ನಿಲ್ಲಿಸಿಬಿಡುತ್ತಿದ್ದೆ.

"ಕೆಮ್ಮು ಇತ್ತಾ? ನಡೆಯುವಾಗ ಕೂತ್ಕೋತಿತ್ತಾ? ನಾಲಿಗೆ ಬಣ್ಣ ಬದಲಾಗಿದ್ದು ನೋಡಿದ್ರಾ? ಯಾವಾಗಿಂದ?" ಎಂದು ಕೇಳಿದರು. ಚೀಲದಿಂದ ಈ ನೋಟ್‌ಬುಕ್ ತೆಗೆದೆ. ಎಲ್ಲ ಇಲ್ಲಿಯೇ ಇದೆ, ತಾರೀಖಿನ ಸಮೇತ. ಫೆಬ್ರವರಿ 22, ಮೂರು ಸಲ ಕೂತಿತು, ಕೆಮ್ಮು. ಮಾರ್ಚ್ 13, ನಾಲಿಗೆ ನೀಲಿ. ಮಾರ್ಚ್ 28, ಕೂತೇ ತೂಕಡಿಸುತ್ತದೆ. ಓದುತ್ತಾ ಹೋದ ಹಾಗೆ ನನ್ನ ಧ್ವನಿ ಇಳಿಯಿತು. 'ಸೋಮಾರಿ', 'ಬಿಗುಮಾನ' ಎಂಬ ಮಾತುಗಳನ್ನು ಓದದೆ ಹಾರಿಸಿದೆ. "ಪರವಾಗಿಲ್ಲ, ಚೆನ್ನಾಗಿ ಗಮನಿಸಿ ಬರೆದಿದ್ದೀರಿ" ಎಂದರು ಡಾಕ್ಟರು. ಅವರು ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ನಾನು ಎಳೆದಾಡಿದ್ದರಿಂದಲೇ ಬಂತೇ ಎಂದು ಕೇಳಿದೆ. "ನಿಮ್ಮಿಂದ ಕಾಯಿಲೆ ಬಂದಿಲ್ಲ. ಆದರೆ ಕಾಯಿಲೆ ಇರೋಳನ್ನ ಹೊಟ್ಟೆ ತುಂಬಿಸಿ ಬಿಸಿಲಲ್ಲಿ ನಡೆಸಿದ್ರಿ. ಕುತ್ತಿಗೆಗೆ ಹಗ್ಗ ಹಾಕಿ ಎಳೆದ್ರೆ ಉಸಿರಾಡೋದು ಇನ್ನೂ ಕಷ್ಟ" ಎಂದರು. ಬದುಕುತ್ತಾಳೆಯೇ ಎಂದು ಕೇಳಿದೆ. ವಾಸಿಯಾಗುವ ಕಾಯಿಲೆಯಲ್ಲವಂತೆ. ಮಾತ್ರೆ ಹಿಡಿದರೆ ಹತೋಟಿಗೆ ಬರಬಹುದು, ಕೆಲವು ನಾಯಿಗಳು ಒಂದೆರಡು ವರ್ಷ ಸುಖವಾಗಿಯೇ ಇರುತ್ತವೆ. ಮೊದಲ ಒಂದು ತಿಂಗಳು ದಾಟಬೇಕು. ಸೂಜಿ ಚುಚ್ಚಿ ಎರಡು ಲೀಟರ್ ನೀರು ತೆಗೆದರು. ಬೆಳ್ಳಿ ನನ್ನ ಮುಖವನ್ನೇ ನೋಡುತ್ತಾ ಅಲ್ಲಾಡದೆ ಮಲಗಿದ್ದಳು.

ಏಪ್ರಿಲ್ 3, ಗುರುವಾರ

ಬೆಳ್ಳಿ, ಮಲಗಿದ್ದಾಗ ಉಸಿರು: 44. ಮಾತ್ರೆ: ಮೂರು ಹೊತ್ತು, ಕೊಟ್ಟಿದೆ. ಉಚ್ಚೆ: ಧಾರಾಳ.

ಹೊಸ ಕೆಲಸ ಇದು. ಅವಳು ಗಾಢವಾಗಿ ಮಲಗಿರುವಾಗ ಪಕ್ಕೆ ಏರಿ ಇಳಿದರೆ ಒಂದು ಎಂದು ಒಂದು ನಿಮಿಷ ಎಣಿಸಬೇಕು. ಮೂವತ್ತರೊಳಗೆ ಇರಬೇಕು. ಅದಕ್ಕಿಂತ ಹೆಚ್ಚುತ್ತಾ ಹೋದರೆ ಎಷ್ಟು ಹೊತ್ತಾದರೂ ಸರಿ ಫೋನು ಮಾಡಿ ಎಂದಿದ್ದಾರೆ ಡಾಕ್ಟರು. ನಿನ್ನೆ ಬೆಂಗಳೂರಿಗೆ ಕರೆದೊಯ್ದು ಸ್ಕ್ಯಾನೂ ಮಾಡಿಸಿದೆವು. ಕವಾಟ ಸೋರುತ್ತಿದೆ, ಹೃದಯ ಊದಿಕೊಂಡಿದೆ. ಶರ್ಫುನ್ನೀಸಾ ಅವರು ಕಿವಿಯಲ್ಲಿ ಕೇಳಿ ಹೇಳಿದ್ದನ್ನೇ ಯಂತ್ರವೂ ಹೇಳಿತು.

ಹಾಲು ತಂದ ಐದು ಮನೆಗೂ ನಾನೇ ಹೋಗಿ ವಿಷಯ ಹೇಳಿ ಬಂದೆ. ನಾಲ್ಕು ಮನೆಯವರು ಅಯ್ಯೋ ಎಂದರು. ಕೆಂಚಯ್ಯ ಮಾತ್ರ, "ಅಂಗಾರೆ ನನ್ ಹಾಲೆಲ್ಲ ನೀರಾಯ್ತು ಅನ್ನು" ಎಂದು ನಗಾಡಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದ. ಸಂಜೆ ಚೊಂಬು ಹಿಡಿದು ಮತ್ತೆ ಬಂದ. ಹಾಲಿನ ಬಗ್ಗೆ ಡಾಕ್ಟರನ್ನು ಕೇಳಬೇಕು ಎಂದೆ. ಅವರು ಹೇಳುವವರೆಗೂ ನೀನೇ ಕುಡಿ ಎಂದು ಇಟ್ಟು ಹೋದ.

ಕಷ್ಟವಾದದ್ದು ಅಮ್ಮನದು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಅಂಗೈ ಮಗುಚಿ ನೋಡಿಕೊಳ್ಳುತ್ತಾ ಕೂತಿರುತ್ತಾಳೆ. "ಈ ಕೈಯೇ ಸುಳ್ಳೇಳ್ತಲ್ಲೋ ಮಗ" ಎಂದಳು. ಎದೆಯೊಳಗೆ ಆಗುವುದು ಅಂಗೈಗೆ ಹೇಗೆ ಗೊತ್ತಾಗಬೇಕು, ನನ್ನದು ನನಗೇ ಗೊತ್ತಾಗಲಿಲ್ಲವಲ್ಲ ಎಂದೆ. ಬಟ್ಟಲು ತಂದು ನಾನೇ ತುತ್ತು ಇಟ್ಟೆ. ಉಂಡಳು.

ಏಪ್ರಿಲ್ 9, ಬುಧವಾರ

ಬೆಳ್ಳಿ: 36. ಮಾತ್ರೆ ಕೊಟ್ಟಿದೆ. ಹೊಟ್ಟೆಯ ಸುತ್ತಳತೆ ಎರಡು ಬೆರಳು ಕಡಿಮೆ.

ಈಗ ನಮ್ಮ ನಡಿಗೆ ಬೆಳಿಗ್ಗೆ ಆರಕ್ಕೆ, ಬರಿ ಹೊಟ್ಟೆಯಲ್ಲಿ, ಬಿಸಿಲು ಏರುವ ಮೊದಲು. ಅವಳು ಮುಂದೆ, ನಾನು ಹಿಂದೆ. ಅವಳು ನಿಂತರೆ ನಾನು ನಿಲ್ಲಬೇಕು, ಅವಳು ತಿರುಗಿದರೆ ಮನೆಗೆ ತಿರುಗಬೇಕು. ಹಳೆಯ ಸ್ಕೂಲ್‌ಬ್ಯಾಗಿನ ಪಟ್ಟಿಗಳನ್ನು ಬಿಚ್ಚಿ, ಒಳಗೆ ಕಂಬಳಿಯ ತುಂಡು ಹೊಲಿದು, ವನಜಾಕ್ಷಿ ಎದೆಪಟ್ಟಿ ಮಾಡಿದ್ದಾಳೆ. ಕುತ್ತಿಗೆಗೆ ಏನೂ ತಾಗುವುದಿಲ್ಲ. ನಾಯಿ ಥೇಟು ನರ್ಸರಿಗೆ ಹೊರಟ ಮಗುವಿನ ಹಾಗೆ ಕಾಣುತ್ತದೆ ಎಂದು ಇಬ್ಬರೂ ನಕ್ಕೆವು. ನಾವಿಬ್ಬರು ಒಟ್ಟಿಗೆ ಕೂತು ನಕ್ಕು ಬಹಳ ಕಾಲವಾಗಿತ್ತು.

ತೊಂದರೆ ಎಂದರೆ ಒಂಬತ್ತು ಗಂಟೆ. ಕುರಿ ಹೊರಟ ಗೊರಸಿನ ಸದ್ದು ಕೇಳಿದರೆ ಬೆಳ್ಳಿ ಬಾಗಿಲು ಕೆರೆಯುತ್ತಾಳೆ, ಊಳಿಡುತ್ತಾಳೆ, ಬಾಯಿ ತೆರೆದು ತೇಕುತ್ತಾಳೆ. ಬಿಟ್ಟರೆ ಓಡುತ್ತಾಳೆ. ಓಡಿದರೆ ಬೀಳುತ್ತಾಳೆ. ಇನ್ನೊಂದು ಸಲ ಬಿದ್ದರೆ ಏಳುವುದು ಖಾತ್ರಿಯಿಲ್ಲ ಎಂದಿದ್ದಾರೆ. ಕಟ್ಟಿಹಾಕಿದರೆ ಕೊರಗಿಯೇ ಉಸಿರು ಏರುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಸಂಕಟ ಏನೆಂದು ನನಗೆ ಗೊತ್ತಿಲ್ಲವೇ?

ಏಪ್ರಿಲ್ 12, ಶನಿವಾರ

ಬೆಳ್ಳಿ: 31!

ದಾರಿ ತೋರಿಸಿದವಳು ವನಜಾಕ್ಷಿ. ಸಂಜೆ ಕುರಿ ರೊಪ್ಪಕ್ಕೆ ಹೊಗುವಾಗ ತಡಿಕೆಯನ್ನು ಎರಡು ಕುರಿ ಹಿಡಿಸುವಷ್ಟೇ ತೆರೆದು, ಜೋಡಿ ಜೋಡಿಯಾಗಿ ಎಣಿಸಿ ಒಳಗೆ ಬಿಡುವುದು ನಮ್ಮ ಮನೆಯ ಕ್ರಮ. ಎಣಿಸುವವಳು ಅಮ್ಮ. ಎಣಿಕೆ ತಪ್ಪದ ಹಾಗೆ ರೊಪ್ಪದ ಬಾಯಿಯಲ್ಲಿ ಕುರಿ ತಡೆದು ನಿಲ್ಲಿಸುವವಳು ಮೊದಲಿನಿಂದಲೂ ಬೆಳ್ಳಿ. "ಓಡ್ಸೋ ಕೆಲ್ಸ ಬ್ಯಾಡ. ಎಣ್ಸೋ ಕೆಲ್ಸ ಕೊಡವ. ಅದ್ಕೆ ಕೂತ್ಕಂಡಿದ್ರೆ ಸಾಕಲ್ವ" ಎಂದಳು. ಇಪ್ಪತ್ತಾರು ವರ್ಷ ಆಳುಗಳಿಗೆ ಕೆಲಸ ಹಂಚಿದ ನನಗೆ ಇದು ಹೊಳೆದಿರಲಿಲ್ಲ.

ಬಿಸಿಲು ಇಳಿದ ಮೇಲೆ ನಿಧಾನವಾಗಿ ರೊಪ್ಪಕ್ಕೆ ಕರೆದೊಯ್ದೆ. ದಿಬ್ಬದ ಬಳಿ ಎತ್ತಿಕೊಂಡೆ. ತಡಿಕೆಯ ಪಕ್ಕ ಕೂರಿಸಿ ಎದೆಪಟ್ಟಿ ಹಿಡಿದು ನಿಂತೆ. ಹಿಂಡು ನುಗ್ಗಿ ಬಂತು. ಬೆಳ್ಳಿ ಏಳಲಿಲ್ಲ, ಬೊಗಳಲಿಲ್ಲ, ಸುಮ್ಮನೆ ನೋಡಿದಳು. ಕುರಿಗಳು ನಿಂತವು. ಎರಡೆರಡೇ ಹೊಕ್ಕವು. "ಎಲ್ಡು, ನಾಕು, ಆರು" ಎಂದು ಅಮ್ಮ ಎಣಿಸುತ್ತಿದ್ದರೆ ನನಗೆ ಕಣ್ಣು ತುಂಬಿ ಬಂತು. ಮನೆಗೆ ಬಂದವಳೇ ನಾಲ್ಕು ಕಾಲೂ ಚಾಚಿ ಮಲಗಿದಳು. ಎಷ್ಟು ದಿನವಾಗಿತ್ತು ಅವಳು ಹಾಗೆ ಮಲಗಿ!

ಏಪ್ರಿಲ್ 19, ಶನಿವಾರ

ಬೆಳಿಗ್ಗೆ 30. ಮಧ್ಯಾಹ್ನ ಎರಡಕ್ಕೆ 46. ಮೂರಕ್ಕೆ 52.

ಕಾರಣ ಒಣಮೀನು. ಉಪ್ಪಲ್ಲೇ ನೆನೆದ ಒಣಮೀನು. ಬಡವಾಗಿದ್ದಾಳೆ ಎಂದು ಕೆಂಚಯ್ಯ ಮೂರು ದಿನದಿಂದ ನಮಗೆ ಕಾಣದ ಹಾಗೆ ತಿನ್ನಿಸಿದ್ದಾನೆ. ಉಪ್ಪು ಇವಳಿಗೆ ವಿಷ ಎಂದು ಊರಿಗೆಲ್ಲ ಸಾರಿದ್ದೆ. "ಲೇ ಕೆಂಚ, ಸಾಯಿಸ್ಬುಟ್ಯಲ್ಲೋ!" ಎಂದು ಬೀದಿಯಲ್ಲಿ ನಿಂತು ಕೂಗಿದೆ. "ಉಪ್ಪು ಅಂದ್ರೆ ಉಪ್ಪಿನ್ ಡಬ್ಬದಲ್ಲಿರೋದು ಅಂದ್ಕಂಡೆ ಕಣ್ಲಾ" ಎಂದು ಅವನು ಅತ್ತೇಬಿಟ್ಟ. ಅರವತ್ತು ಕುರಿಯ ಯಜಮಾನ.

ಡಾಕ್ಟರ್ ಫೋನಿನಲ್ಲಿ ಹೇಳಿದ ಹಾಗೆ ನೀರಿಳಿಸುವ ಮಾತ್ರೆ ಇನ್ನೊಂದು ಕೊಟ್ಟು, ಕೆಂಚಯ್ಯನ ಲಗೇಜ್ ಆಟೋದಲ್ಲೇ ಮಾಗಡಿಗೆ ಕರೆದುಕೊಂಡು ಹೋದೆವು. ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಇಟ್ಟರು. ಸಂಜೆ ಆರಕ್ಕೆ 48.

ಏಪ್ರಿಲ್ 20, ಭಾನುವಾರ

45. 43. 43.

ದೇವರೇ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ 38. ಸಂಜೆ 33. ಬಾಲ ಆಡಿಸಿದಳು.

ಏಪ್ರಿಲ್ 27, ಭಾನುವಾರ

ಬೆಳ್ಳಿ: 26. ಹೌದು, ಇಪ್ಪತ್ತಾರು. ಮೂರು ಸಲ ಎಣಿಸಿದೆ. ನಂಬಿಕೆ ಬಾರದೆ ವನಜಾಕ್ಷಿಯ ಕೈಯಲ್ಲೂ ಎಣಿಕೆ ಮಾಡಿಸಿದೆ.

ತಿಂಗಳು ದಾಟುತ್ತಾ ಬಂತು. ಇವತ್ತು ತೋರಿಸಲು ಹೋದಾಗ ಶರ್ಫುನ್ನೀಸಾ ಡಾಕ್ಟರು ಬಹಳ ಹೊತ್ತು ಎದೆ ಕೇಳಿ, "ಸುಯ್ ಅನ್ನೋದು ಹೋಗಲ್ಲ. ಆದರೆ ಒಳಗೆ ನೀರಿಲ್ಲ. ಈಗಿನ ಹಾಗೇ ನಡೆಸಿಕೊಂಡು ಹೋಗಿ" ಎಂದರು. ಎಷ್ಟು ಹಗುರವಾಯಿತೆಂದು ಬರೆಯಲು ಬರುವುದಿಲ್ಲ. ಹೊರಗೆ ಬಂದು ಕೆಂಚಯ್ಯನಿಗೆ ಹೇಳಿದೆ. ಅವನು ಬಸ್ಟ್ಯಾಂಡಿನ ಹತ್ತಿರ ಎರಡು ಟೀ ಹೇಳಿ, ಮೂರನೆಯದನ್ನೂ ಹೇಳಲು ಹೋಗಿ, ಬೆಳ್ಳಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಈಗ ಅವನು ಒಂದು ಬಿಸ್ಕತ್ತಿಗೂ ನನ್ನನ್ನು ಕೇಳುತ್ತಾನೆ.

ಮೇ 8, ಗುರುವಾರ

ಬೆಳ್ಳಿ: 25.

ರಾಮನಗರಕ್ಕೆ ಹೋಗಿದ್ದೆ. ಮೂರು ತಿಂಗಳ ತಪಾಸಣೆ. ಚೈತ್ರಾ ನೋಟ್‌ಬುಕ್ ಕೇಳಿದಳು. ಕೊಟ್ಟ ಮೇಲೆ ನೆನಪಾಯಿತು, ಕೆಳಗಿನದೆಲ್ಲ ನನಗೆ ಎಂದು ಬರೆದಿದ್ದೆನಲ್ಲ. ಕಸಿದುಕೊಳ್ಳುವಷ್ಟರಲ್ಲಿ ಪುಟ ತಿರುಗಿಸಿಯಾಗಿತ್ತು.

"ಸಾರ್, ನಲವತ್ನಾಲ್ಕು ಯಾರದ್ದು? ನಿಮ್ದಾ?" ಎಂದು ಗಾಬರಿಯಾದಳು.

"ಅಲ್ಲಮ್ಮ, ನಮ್ಮ ನಾಯಿದು."

"ಮತ್ತೆ ನಿಮ್ದು?"

ನನ್ನದು ಮಾರ್ಚ್ 28ಕ್ಕೇ ನಿಂತಿದೆ. ಆಮೇಲೆ ಒಂದು ಸಾಲೂ ಇಲ್ಲ. ರಿಜಿಸ್ಟರಿನಲ್ಲಿ ಒಂದು ಮನೆ ಖಾಲಿ ಬಿಟ್ಟವರಿಗೆ ಮೆಮೋ ಕೊಡುತ್ತಿದ್ದವನು ನಾನು, ನಾಚಿಕೆಯಾಯಿತು. ಎದೆ ಚಳುಕು ಕೊನೆಗೆ ಯಾವಾಗ ಬಂತು ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬಂದಿದ್ದರೆ ಬರೆದಿರುತ್ತಿದ್ದೆ ಎಂದೆ. ಅವಳು ನನ್ನನ್ನೇ ನೋಡಿ ನಕ್ಕಳು, ಏಕೋ ತಿಳಿಯಲಿಲ್ಲ.

ಆಮೇಲೆ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದರು. ವನಜಾಕ್ಷಿ ಹನ್ನೆರಡರ ಮಾತ್ರೆ ಕೊಟ್ಟಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಂಬತ್ತು ನಿಮಿಷ ಆಯಿತು, ಸಾಕು ಇಳೀರಿ ಎಂದರು. ಡ್ಯೂಟಿಗೆ ಹೋಗಬಹುದು ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ನೋಟ್‌ಬುಕ್ಕಿನ ಹಿಂದೆ ಚೈತ್ರಾ ಕೆಂಪು ಪೆನ್ನಿನಲ್ಲಿ 'ದಯವಿಟ್ಟು ನಿಮ್ಮದನ್ನೂ ಬರೆಯಿರಿ' ಎಂದು ಬರೆದಿದ್ದಾಳೆ. ನ್ಯಾಯವಾದ ಮಾತು. ಇನ್ನು ತಪ್ಪದೆ ಬರೆಯಬೇಕು.

ರೂಮು ಖಾಲಿ ಮಾಡಿ, ಇನ್ನು ಮೇಲೆ ಊರಿಂದಲೇ ಓಡಾಡುತ್ತೇನೆ, ಬೆಳಗಿನ ಪಾಳಿ ಕೊಡಿ ಎಂದು ಮ್ಯಾನೇಜರಿಗೆ ಫೋನು ಮಾಡಿದೆ. ದೂರವಾಗುತ್ತದೆ ಎಂದರು. ಸಂಜೆ ಐದೂವರೆಗೆ ಮನೆಯಲ್ಲಿ ಒಂದು ಡ್ಯೂಟಿ ಇದೆ ಎಂದೆ. ಒಪ್ಪಿದರು.

ಮೇ 11, ಭಾನುವಾರ

ಮಧ್ಯಾಹ್ನ ಒಳ್ಳೆಯ ಮಳೆ ಬಿತ್ತು. ಸಂಜೆ ಗಾಳಿ ತಂಪಾಗಿದ್ದರಿಂದ ಬೆಳ್ಳಿ ದಿಬ್ಬವನ್ನು ತಾನೇ ಹತ್ತಿದಳು, ನಡುವೆ ಎರಡು ಸಲ ನಿಂತು. ನಾನು ಅವಸರ ಮಾಡಲಿಲ್ಲ.

ಎಣಿಕೆ ನಲವತ್ತೆರಡಕ್ಕೇ ನಿಂತಿತು. ಅಮ್ಮ ಇನ್ನೊಂದು ಸಲ ಎಣಿಸಿದಳು. ಮತ್ತೆ ನಲವತ್ತೆರಡು. ಮಳೆಗೆ ಹಿಂಡು ಚದುರಿತ್ತು, ಒಂದು ಮರಿ ಎಲ್ಲೋ ಉಳಿದಿದೆ ಎಂದಳು ವನಜಾಕ್ಷಿ. ಬೆಳ್ಳಿ ಎದ್ದು ನಿಂತಳು. ಮೂಗು ಗಾಳಿಗೆ ಹಿಡಿದು ಕೊರಕಲಿನ ಕಡೆ ತಿರುಗಿದಳು. ಮೈ ನಡುಗುತ್ತಿತ್ತು. ಎದೆಪಟ್ಟಿ ಬಿಗಿಯಾಗಿ ಹಿಡಿದೆ. ಆದರೆ ಅವಳು ಎಳೆಯಲಿಲ್ಲ. ಒಂದು ಸಲ ಕೊರಕಲು ನೋಡಿದಳು, ತಿರುಗಿ ನನ್ನ ಮುಖ ನೋಡಿದಳು. ಮತ್ತೆ ಕೊರಕಲು, ಮತ್ತೆ ನನ್ನ ಮುಖ.

ಪಟ್ಟಿಯನ್ನು ವನಜಾಕ್ಷಿಯ ಕೈಗೆ ಕೊಟ್ಟು ಓಡಿದೆ. ಮರಿ ಕೊರಕಲ ತಳದಲ್ಲಿ ಲಂಟಾನದ ಪೊದೆಗೆ ಸಿಕ್ಕಿಕೊಂಡು ಅರಚುತ್ತಿತ್ತು. ಬಿಡಿಸಿ ಹೆಗಲಿಗೆ ಹಾಕಿಕೊಂಡು ಜಾರುವ ಮಣ್ಣಲ್ಲಿ ಮೇಲೆ ಹತ್ತಿ ಬಂದೆ. ಬೆಳ್ಳಿ ಕೂತಲ್ಲೇ ಕೂತು ಅದರ ಮೂತಿ ನೆಕ್ಕಿ, ಒಳಗೆ ಬಿಟ್ಟಳು.

"ನಲವತ್ಮೂರು" ಎಂದಳು ಅಮ್ಮ. ತಡಿಕೆ ಮುಚ್ಚುತ್ತಾ, "ನಾಯಿ ಕಾಲು ಹೋಯ್ತು ಅಂದ್ಕಂಡಿದ್ದೆ. ಎಲ್ಲೂ ಹೋಗಿಲ್ಲ ಬುಡು" ಎಂದು ನನ್ನ ಕೆಸರು ಮೆತ್ತಿದ ಕಾಲು ನೋಡಿದಳು. ವನಜಾಕ್ಷಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣಿಗೆ ಮಳೆಹುಳ ಬಿದ್ದಿರಬೇಕು.

ಈಗ ಬೆಳ್ಳಿ ನನ್ನ ಕಾಲ ಬಳಿ ಮಲಗಿದ್ದಾಳೆ. ಉಸಿರು: 24.

ನನ್ನ ನಾಡಿ: ಎಣಿಸಲೆಂದು ಮಣಿಕಟ್ಟು ಹಿಡಿದೆ, ಅಷ್ಟರಲ್ಲಿ ಊಟಕ್ಕೆ ಕರೆದರು.